ಗೋಡೆ ನೋಡಿ ಬಣ್ಣ ಕೊಳ್ಳಿರಿ

ಹಾತಕಣಂಗಲೆ ತಾಲೂಕಿನ ಒಂದು ಹಳ್ಳಿ. ದೀಪಾವಳಿ ಹತ್ತಿರ ಬಂದಿತ್ತು. ಅತ್ತೆ ಸೊಸೆ ಮನೆಗೆ ಬಣ್ಣ ಹಚ್ಚಿಸುವ ವಿಚಾರ ಮಾಡುತ್ತಿದ್ದರು. ಸೊಸೆಗೆ ಒಂದೂವರೆ ವರ್ಷದ ಕೂಸು. ಅತ್ತೆ ಈ ವರ್ಷವೇ ಓದಲು ಕಲಿತವರು.

"ಹ್ವಾದ ವರ್ಷ ಹಚ್ಚಿದ ಬಣ್ಣ ಮಳಿಗಾಲದಾಗ ಹಪ್ಪಳದಂಗ ಎದ್ದು ಬಿತ್ತು. ರೊಕ್ಕ ನೀರಾಗ ಹೋತು," ಎಂದರು ಅತ್ತೆ.

"ಈ ಸಲ ತುಟ್ಟಿ ಬಣ್ಣ ತರೋಣ್ರಿ ಅತ್ತಿ," ಎಂದಳು ಸೊಸೆ.

ಬಣ್ಣ ಹಚ್ಚುವ ಕಾಕಾ ಬಂದರು. ಗೋಡೆಯನ್ನು ಮುಟ್ಟಿ ನೋಡಿದರು.

"ತಪ್ಪು ಬಣ್ಣದ್ದಲ್ಲ ಅಕ್ಕಾ. ಗೋಡಿ ಹಸಿ ಐತಿ. ಹಸಿ ಗೋಡಿ ಮ್ಯಾಲ ಎಂಥಾ ತುಟ್ಟಿ ಬಣ್ಣಾನೂ ನಿಲ್ಲೂದಿಲ್ಲ," ಎಂದರು.

ತೇವ ತಿಳಿಯುವುದು ಹೇಗೆ?

ಪ್ಲಾಸ್ಟಿಕ್ ಹಾಳೆಯ ಒಂದು ತುಂಡು ತೆಗೆದುಕೊಳ್ಳಿರಿ. ಅದರ ನಾಲ್ಕೂ ಅಂಚನ್ನು ಗೋಡೆಗೆ ಪಟ್ಟಿಯಿಂದ ಅಂಟಿಸಿರಿ. ಒಂದು ದಿನ ಬಿಡಿರಿ. ಹಾಳೆಯ ಒಳಬದಿಗೆ ನೀರಿನ ಹನಿ ಕಂಡರೆ ಗೋಡೆ ಹಸಿ ಇದೆ. ಮಾಳಿಗೆ ಸೋರುತ್ತದೆಯೇ? ನಳ ಸೋರುತ್ತದೆಯೇ? ಬಚ್ಚಲ ನೀರು ಗೋಡೆಯ ಬುಡಕ್ಕೆ ನಿಲ್ಲುತ್ತದೆಯೇ? ಮೊದಲು ಅದನ್ನು ಸರಿಪಡಿಸಿರಿ. 2019 ಮತ್ತು 2021ರಲ್ಲಿ ಪಂಚಗಂಗೆಗೆ ಮಹಾಪೂರ ಬಂದಿತ್ತು. ಹಾಗೆ ನೀರು ಕುಡಿದ ಗೋಡೆ ಒಣಗಲು ತಿಂಗಳುಗಟ್ಟಲೆ ಬೇಕು. ಅವಸರ ಮಾಡಬಾರದು.

ಯಾವುದಕ್ಕೆ ಯಾವ ಬಣ್ಣ?

ಮಣ್ಣಿನ ಗೋಡೆ, ತೇವದ ಗೋಡೆ: ಸುಣ್ಣ ಹಚ್ಚಿರಿ. ಸುಣ್ಣ ಹಚ್ಚಿದರೂ ಗೋಡೆಯ ತೇವ ಹೊರಗೆ ಆರುತ್ತದೆ. ಸುಣ್ಣದ ಹರಳು ಕುದಿಯುವಾಗ ಮಕ್ಕಳನ್ನು ದೂರ ಇಡಿರಿ. ಕಣ್ಣಿಗೆ ಸಿಡಿದರೆ ಬಹಳ ಹೊತ್ತು ನೀರು ಹಾಕಿ ತೊಳೆದು ಕೂಡಲೇ ದವಾಖಾನೆಗೆ ಹೋಗಿರಿ.

ಒಳಗಿನ ಒಣ ಸಿಮೆಂಟ್ ಗೋಡೆ: ಡಿಸ್ಟೆಂಪರಿಗೆ ಖರ್ಚು ಕಡಿಮೆ. ಇಮಲ್ಶನ್ ತುಟ್ಟಿ, ಆದರೆ ಒದ್ದೆ ಅರಿವೆಯಿಂದ ಒರೆಸಬಹುದು. ಹಳೆಯ ಸುಣ್ಣವನ್ನು ಕೆರೆದು, ಪ್ರೈಮರ್ ಹಚ್ಚಿ, ಆಮೇಲೆ ಬಣ್ಣ ಹಚ್ಚಿರಿ.

ಹೊರಗಿನ ಗೋಡೆ: ಹೊರಗೋಡೆಗೆಂದೇ ಮಾಡಿದ ಇಮಲ್ಶನ್ ಮಳೆ ಬಿಸಿಲು ತಾಳುತ್ತದೆ.

ಬಾಗಿಲು, ಕಿಟಕಿ, ಕಬ್ಬಿಣ: ಆಯಿಲ್ ಪೇಂಟ್.

ಎಷ್ಟು ಬಣ್ಣ ಬೇಕು?

ಕೋಣೆಯ ಉದ್ದ 10 ಅಡಿ, ಅಗಲ 10 ಅಡಿ, ಎತ್ತರ 10 ಅಡಿ. ಒಂದು ಗೋಡೆ 100 ಚದರಡಿ. ನಾಲ್ಕು ಗೋಡೆ 400 ಚದರಡಿ. ಬಾಗಿಲು ಕಿಟಕಿಯ 40 ಕಳೆದರೆ 360 ಉಳಿಯಿತು. ಎರಡು ಕೈ ಹಚ್ಚಲು ಒಂದು ಲೀಟರ್ 60 ಚದರಡಿಗೆ ಸಾಲುತ್ತದೆ ಎಂದು ಡಬ್ಬಿಯ ಮೇಲಿದ್ದರೆ, 6 ಲೀಟರ್ ಬೇಕು.

ಡಬ್ಬಿ ಓದಿರಿ

ಅತ್ತೆ ಸೊಸೆ ಇಚಲಕರಂಜಿ ಪೇಟೆಗೆ ಹೋದರು. ಅಂಗಡಿಯವನು ಕಿಟಕಿಗೆ ಒಂದು ಅಗ್ಗದ ಆಯಿಲ್ ಪೇಂಟ್ ತೋರಿಸಿದ. ಅತ್ತೆ ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದರು.

"ತಮ್ಮಾ, ಇದರ ಮ್ಯಾಲ ತಿಂಗಳಾ, ವರ್ಷ ಇಲ್ಲ. 90 ಅನ್ನೂ ಅಂಕಿನೂ ಇಲ್ಲ. ಕೂಸು ಕಿಟಕಿ ಹಿಡಕೊಂಡು ನಿಲ್ಲತೈತಿ, ಬಾಯಿನೂ ಹಚ್ಚತೈತಿ. ಬ್ಯಾರೆ ಡಬ್ಬಿ ಕೊಡಪಾ."

ಏನಿದು 90? ಕೆಲವು ಬಣ್ಣಗಳಲ್ಲಿ ಸೀಸ ಇರುತ್ತದೆ. ಸೀಸ ವಿಷ. ಅದು ಹೊಟ್ಟೆಗೆ ಹೋದರೆ ಮಕ್ಕಳ ಮಿದುಳಿಗೆ ಪೆಟ್ಟು. ಕಲಿಯುವ ಶಕ್ತಿ ಕುಂದುತ್ತದೆ. ಬಸುರಿಯರಿಗೂ ಅಪಾಯ. ಅದಕ್ಕಾಗಿ ಮನೆ ಬಣ್ಣದ ಹತ್ತು ಲಕ್ಷ ಪಾಲಿನಲ್ಲಿ ಸೀಸ 90 ಪಾಲು ಮೀರಬಾರದೆಂದು 2017ರ ನವೆಂಬರ್ 1ರಿಂದ ದೇಶದಲ್ಲಿ ನಿಯಮವಿದೆ. ಡಬ್ಬಿಯ ಮೇಲೆ ಹಾಗೆ ಬರೆದಿರಬೇಕು. ಅಕ್ಷರ ಯಾವ ಭಾಷೆಯದೇ ಇರಲಿ, 90 ಅಂಕಿ ಹುಡುಕಿರಿ.

ಹಳೆಯ ಬಾಗಿಲು ಕಿಟಕಿಯ ಬಣ್ಣದಲ್ಲೂ ಸೀಸ ಇರಬಹುದು. ಅದನ್ನು ಒಣಗಿದ್ದಾಗ ತಿಕ್ಕಬೇಡಿರಿ, ಧೂಳು ಏಳುತ್ತದೆ. ನೀರು ಹಚ್ಚಿ ಕೆರೆಯಿರಿ. ಮಕ್ಕಳು, ಬಸುರಿಯರು ಹತ್ತಿರ ಇರಬಾರದು. ಬಿದ್ದ ಚೂರು ಗಂಟು ಕಟ್ಟಿ ಎಸೆದು, ನೆಲವನ್ನು ಒದ್ದೆ ಅರಿವೆಯಿಂದ ಒರೆಸಿರಿ.

ಆ ವರ್ಷ ಅವರ ಹಸಿ ಗೋಡೆಗಳಿಗೆ ಸುಣ್ಣವೇ ಆಯಿತು. ಕಿಟಕಿಗೆ ಅತ್ತೆ ಓದಿ ತಂದ ಬಣ್ಣ. "ಮುಂದಿನ ಬ್ಯಾಸಗಿಗೆ ಗೋಡಿ ಒಣಗಲಿ. ಆಮ್ಯಾಲ ನೋಡೂಣು," ಎಂದರು.

ಅಭ್ಯಾಸ
1. ಹೋದ ವರ್ಷದ ಬಣ್ಣ ಏಕೆ ಎದ್ದು ಬಿತ್ತು?
2. ಅತ್ತೆ ಮೊದಲ ಡಬ್ಬಿಯನ್ನು ಏಕೆ ಬೇಡವೆಂದರು?
3. ನಿಮ್ಮ ಮನೆಯ ಒಂದು ಗೋಡೆ ಅಳೆಯಿರಿ. ಅದು ಎಷ್ಟು ಚದರಡಿ? ಬರೆಯಿರಿ.