ಬೇಸಿಗೆಯ ಭಾನುವಾರ: ತಂಪು ಮನೆ, ಹಗುರ ಅಡುಗೆ

ಬೀದರ್, ಭಾಲ್ಕಿ, ಔರಾದ್ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ರಜೆಯಲ್ಲಿ ಮನೆ ಸಿಂಗರಿಸುವವರು ಮೊದಲು ಅದನ್ನು ತಂಪಾಗಿಡಿ. ನಸುಕಿನಲ್ಲಿ ಕಿಟಕಿ ತೆರೆಯಿರಿ, ಒಂಬತ್ತರೊಳಗೆ ಮುಚ್ಚಿ. ಪಶ್ಚಿಮದ ಕಿಟಕಿಗೆ ತಿಳಿಬಣ್ಣದ ದಪ್ಪ ಪರದೆ ಕಟ್ಟಿ, ಮಾಳಿಗೆಗೆ ಸುಣ್ಣ ಬಳಿಯಿರಿ.

ಅಲಂಕಾರಕ್ಕೆ ದೂರ ಹುಡುಕಬೇಡಿ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿಗೆ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ ನೋಡಿ ಬನ್ನಿ. ಕರಿಮೈ ಮೇಲೆ ಬೆಳ್ಳಿ ಮಿನುಗುವ ಒಂದೇ ಬಿದರಿ ಹೂದಾನಿ ಬಿಳಿ ಗೋಡೆಯ ಮುಂದಿದ್ದರೆ ಕೋಣೆಗೆ ಕಳೆ ಬರುತ್ತದೆ. ಅದನ್ನು ಹುಣಸೆಹುಳಿ ಹಾಕಿ ಉಜ್ಜಬೇಡಿ. ಮೆತ್ತನೆ ಬಟ್ಟೆಗೆ ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ.

ಒಲೆಯ ಕೆಲಸ ಬೆಳಗ್ಗೆಯೇ ಮುಗಿಸಿ. ಎರಡು ಚಮಚ ಜೋಳದ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಎರಡು ಲೋಟ ನೀರಿಗೆ ಸುರಿದು ತಿರುವುತ್ತಿರಿ. ಹಸಿ ವಾಸನೆ ಹೋಗಿ ಹೊಳಪು ಬಂದಾಗ ಇಳಿಸಿ. ಪೂರ್ತಿ ಆರಿದ ಮೇಲೆ ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ ಬೆರೆಸಿದರೆ ಅಂಬಲಿ ಸಿದ್ಧ. ಜೊತೆಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಇದ್ದರೆ ಮಧ್ಯಾಹ್ನದ ಊಟ ಮುಗಿಯಿತು.

ಈ ಭಾನುವಾರವೇ ಮಾಡಿ ನೋಡಿ. ಬಿಸಿಲಲ್ಲಿ ದುಡಿದು ಬಂದವರಿಗೆ ಮೊದಲ ಲೋಟ ಕೊಡಿ.