ನೂಲಿನ ವೀರನೂ ಎಣಿಕೆಯ ವಿದ್ಯೆಯೂ

ಗಣಿತವೆಂದೊಡನೆ ಕರಿಹಲಗೆ, ಸೀಮೆಸುಣ್ಣ, ಕೈವಾರ ಇವು ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಮನೆಯ ಜಗಲಿಯಲ್ಲಿ ಕುಳಿತು ಕೊಕ್ಕೆಯ ಸೂಜಿಯಿಂದ ಉಲ್ಲನ್ ಹೆಣೆಯುವವರ ಕೈಯಲ್ಲಿಯೂ ಅದೇ ಗಣಿತವು ನಡೆಯುತ್ತಿರುತ್ತದೆಂಬುದು ನಮ್ಮ ಲಕ್ಷ್ಯಕ್ಕೆ ಬರುವುದು ಕಡಮೆ. ಕ್ರೋಷಾ ಎಂಬ ಆ ಕೈಗೆಲಸದಿಂದ, ಯಾವ ಅಂಗವನ್ನೂ ಹೊಲಿದು ಸೇರಿಸದೆ, ಮಗುವಿನ ಕೈಗೆ ಹಿಡಿಸುವಂತಹ ಒಬ್ಬ ಪುಟ್ಟ ವೀರನನ್ನು ನಿರ್ಮಿಸುವ ಬಗೆಯನ್ನೂ ಅದರ ಹಿಂದಿರುವ ಲೆಕ್ಕವನ್ನೂ ಈ ಪಾಠದಲ್ಲಿ ವಿಚಾರಿಸೋಣ. ಮುಖಕ್ಕೆ ಮುಖವಾಡ, ಬೆನ್ನಿಗೆ ಕೆಂಪು ಮೇಲುಹೊದಿಕೆ ಇರುವ ಸಾಹಸವೀರನನ್ನು ಇಂದಿನ ಮಕ್ಕಳೆಲ್ಲರೂ ಬಲ್ಲರು. ನಮ್ಮ ಗೊಂಬೆಯೂ ಅದೇ ಕುಲದವನು.

ನಮ್ಮ ಕಾರ್ಯಕ್ಷೇತ್ರವು ಕಾಟಿಪಳ್ಳದ ಒಂದು ಮನೆಯೆಂದು ಭಾವಿಸೋಣ. ಮಂಗಳೂರಿನ ಉತ್ತರಕ್ಕೆ, ಸುರತ್ಕಲ್ಲಿನ ಸಮೀಪದಲ್ಲಿ ಈ ಊರಿದೆ. ಪಣಂಬೂರಿನಲ್ಲಿ ನವಮಂಗಳೂರು ಬಂದರನ್ನು ಕಟ್ಟುವುದಕ್ಕಾಗಿ ನೆಲವನ್ನು ಬಿಟ್ಟುಕೊಟ್ಟ ಕುಟುಂಬಗಳು ೧೯೬೦ರ ದಶಕದಲ್ಲಿ ಇಲ್ಲಿಗೆ ಬಂದು ನೆಲೆಸಿದವು. ಬೀಡಿ ಕಟ್ಟುವುದು, ಮಲ್ಲಿಗೆ ಕಟ್ಟುವುದು ಈ ಕರಾವಳಿಯ ಮನೆಮನೆಗಳ ಕೆಲಸಗಳು. ಉಡುಪಿ ಮಲ್ಲಿಗೆಯು ಇಂದಿಗೂ ಚೆಂಡು, ಅಟ್ಟೆ ಎಂಬ ಅಳತೆಗಳಲ್ಲಿಯೇ ಮಾರಾಟವಾಗುತ್ತದೆ; ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಹೀಗೆ ಎಣಿಸುತ್ತಲೇ ದುಡಿಯುವ ಕೈಗಳಿಗೆ ಕ್ರೋಷಾ ಕಷ್ಟದ ವಿದ್ಯೆಯಲ್ಲ.

ಹೊಲಿಗೆ ಏಕೆ ಬೇಡ?

ಚಿಕ್ಕ ಮಗುವು ವಸ್ತುವನ್ನು ಮೊದಲು ಅರಿಯುವುದು ಬಾಯಿಯಿಂದ. ಗೊಂಬೆಯ ಕೈಯನ್ನು ಹಿಡಿದು ಎಳೆಯುವುದು, ಕಚ್ಚುವುದು ಅದರ ಸಹಜ ಸ್ವಭಾವ. ಆ ಕೈ ಕಳಚಿ ಗಂಟಲಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುವ ಅಪಾಯವುಂಟು. ಭಾರತದಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು ೨೦೨೦ರಲ್ಲಿ ಹೊರಟು, ೨೦೨೧ರ ಜನವರಿ ೧ರಿಂದ ಜಾರಿಗೆ ಬಂದಿತು. ಆಟಿಕೆಗಳ ಪರೀಕ್ಷೆಯಲ್ಲಿ ೩೧.೭ ಮಿ.ಮೀ. ವ್ಯಾಸದ ಒಂದು ಚಿಕ್ಕ ಸಿಲಿಂಡರನ್ನು ಉಪಯೋಗಿಸುತ್ತಾರೆ. ಕಳಚಿದ ತುಂಡು ಅದರೊಳಗೆ ಪೂರ್ತಿಯಾಗಿ ಹಿಡಿಸಿದರೆ, ಮೂರು ವರ್ಷದೊಳಗಿನ ಮಕ್ಕಳಿಗೆ ಅದು ಅಪಾಯಕರವೆಂದು ಅರ್ಥ. ನಾವು ಮಾಡಲಿರುವ ಗೊಂಬೆಯ ಕೈ ಸುಮಾರು ೩ ಸೆಂ.ಮೀ. ಉದ್ದ, ೮ ಮಿ.ಮೀ. ದಪ್ಪ. ಅದು ಕಳಚಿದರೆ ಆ ಸಿಲಿಂಡರಿನೊಳಗೆ ಸುಲಭವಾಗಿ ಇಳಿಯುವುದು. ಆದಕಾರಣ ಅದು ಕಳಚದಂತೆ ಕಟ್ಟುವುದೇ ಈ ಕೆಲಸದ ಮುಖ್ಯ ಪ್ರಶ್ನೆ.

ಬೇರೆಬೇರೆಯಾಗಿ ಮಾಡಿದ ಅಂಗಗಳನ್ನು ಸೂಜಿದಾರದಿಂದ ಹೊಲಿದಾಗ, ಎಳೆತದ ಭಾರವೆಲ್ಲ ಕೆಲವೇ ಟಾಕುಗಳ ಮೇಲೆ ಬೀಳುತ್ತದೆ. ಒಂದು ಹರಿದರೆ ಪಕ್ಕದ್ದೂ ಸಡಿಲವಾಗುತ್ತದೆ. ಹೊಲಿಯುವುದಕ್ಕೆ ಬದಲಾಗಿ, ಮೈಯನ್ನು ಹೆಣೆಯುವ ನೂಲಿನಿಂದಲೇ ಕೈಯನ್ನೂ ಹೆಣೆದು ಸೇರಿಸಿದರೆ, ಸೇರುವೆಯು ಮೈಯ ಒಂದು ಭಾಗವೇ ಆಗಿ ಭಾರವು ಸುತ್ತಮುತ್ತಲ ಕುಣಿಕೆಗಳಿಗೆಲ್ಲ ಹಂಚಿಹೋಗುತ್ತದೆ.

ಒಂದು ಕುಣಿಕೆಯ ರಚನೆ

ಕೊಕ್ಕೆಯನ್ನು ಕೆಳಗಿನ ಸಾಲಿನ ಕುಣಿಕೆಯೊಂದರ ಎರಡು ಎಳೆಗಳಡಿ ತೂರಿಸಿ, ನೂಲನ್ನು ಹಿಡಿದು ಈಚೆಗೆ ಎಳೆಯಬೇಕು. ಕೊಕ್ಕೆಯ ಮೇಲೆ ಈಗ ಎರಡು ಕುಣಿಕೆಗಳಿರುತ್ತವೆ. ಮತ್ತೊಮ್ಮೆ ನೂಲನ್ನು ಹಿಡಿದು ಎರಡರ ಮೂಲಕವೂ ಎಳೆದರೆ ಒಂದೇ ಉಳಿಯುತ್ತದೆ. ಇದೇ ಸಿಂಗಲ್ ಕ್ರೋಷಾ. ಇದನ್ನು ಮುಂದೆ ‘ಕುಣಿಕೆ’ ಎಂದೇ ಕರೆಯೋಣ. ಎರಡು ಕಡ್ಡಿಗಳ ಸ್ವೆಟರ್ ಹೆಣಿಗೆಯಲ್ಲಿ ಸಾಲಿನ ಕುಣಿಕೆಗಳೆಲ್ಲವೂ ತೆರೆದೇ ಇರುತ್ತವೆ. ಕ್ರೋಷಾದಲ್ಲಿ ಕೊನೆಯ ಕುಣಿಕೆಯೊಂದೇ ತೆರೆದಿರುತ್ತದೆ. ಆ ಒಂದನ್ನು ಭದ್ರಪಡಿಸಿದರೆ ಇಡೀ ವಸ್ತುವು ಭದ್ರ. ಅದನ್ನು ಮರೆತರೆ ಎಳೆದಷ್ಟೂ ಬಿಚ್ಚಿಕೊಳ್ಳುತ್ತದೆ. ಕೆಳಗಿನ ಒಂದು ಕುಣಿಕೆಯೊಳಗೆ ಎರಡನ್ನು ಹಾಕುವುದು ‘ಏರಿಕೆ’. ಎರಡನ್ನು ಕೂಡಿಸಿ ಒಂದು ಮಾಡುವುದು ‘ಇಳಿಕೆ’. ಈ ಎರಡೇ ಉಪಾಯಗಳಿಂದ ಎಲ್ಲ ಆಕಾರಗಳೂ ಹುಟ್ಟುತ್ತವೆ.

ಆರು ಏಕೆ?

ಬೆರಳಿಗೆ ನೂಲು ಸುತ್ತಿ ಮಾಡಿದ ಸಡಿಲ ಉಂಗುರದೊಳಗೆ ಆರು ಕುಣಿಕೆಗಳನ್ನು ಹಾಕಿ ಉಂಗುರವನ್ನು ಬಿಗಿಯೋಣ. ಮುಂದಿನ ಸುತ್ತಿಗೆ ೧೨, ಆಮೇಲೆ ೧೮, ೨೪ ಹೀಗೆ ಪ್ರತಿ ಸುತ್ತಿಗೂ ಆರಾರು ಹೆಚ್ಚಿಸಿದರೆ ಚಪ್ಪಟೆಯಾದ ಬಿಲ್ಲೆ ದೊರೆಯುತ್ತದೆ. ಆರೇ ಏಕೆ? ವೃತ್ತದ ಪರಿಧಿಯು ತ್ರಿಜ್ಯದ ೨π ಪಾಲು, ಎಂದರೆ ೬.೨೮ ಪಾಲು. ಒಂದು ಸುತ್ತು ಹೆಣೆದಾಗ ತ್ರಿಜ್ಯವು ಒಂದು ಕುಣಿಕೆಯ ಎತ್ತರದಷ್ಟು ಬೆಳೆಯುತ್ತದೆ. ಸಿಂಗಲ್ ಕ್ರೋಷಾದಲ್ಲಿ ಕುಣಿಕೆಯ ಎತ್ತರವೂ ಅಗಲವೂ ಹೆಚ್ಚುಕಡಮೆ ಸಮ. ಆದುದರಿಂದ ಪರಿಧಿಯು ಪ್ರತಿ ಸುತ್ತಿಗೂ ೬.೨೮ ಕುಣಿಕೆಗಳಷ್ಟು ಬೆಳೆಯಬೇಕು. ನಾವು ಆರನ್ನು ಹಾಕುತ್ತೇವೆ. ಉಳಿದ ಅಲ್ಪಾಂಶವನ್ನು ನೂಲಿನ ಹಿಗ್ಗುವ ಗುಣವು ತುಂಬಿಕೊಡುತ್ತದೆ.

ಏರಿಕೆಯನ್ನು ನಿಲ್ಲಿಸಿದರೆ ಬಿಲ್ಲೆಯು ಮೇಲಕ್ಕೆ ಮಡಿದು ಕೊಳವೆಯಾಗುವುದು. ಇಳಿಕೆ ಮಾಡಿದರೆ ಕೊಳವೆಯ ಬಾಯಿ ಮುಚ್ಚುವುದು.

ಗೋಳದ ಲೆಕ್ಕ

ತಲೆಗೆ ಗೋಳ ಬೇಕು. ನಡುಸುತ್ತಿನಲ್ಲಿ ೩೦ ಕುಣಿಕೆಗಳಿರುವ ಗೋಳಕ್ಕೆ ಎಷ್ಟು ಸುತ್ತುಗಳಿರಬೇಕು? ಭೂಗೋಳವನ್ನು ನೆನೆಯಿರಿ: ಧ್ರುವದಿಂದ ಧ್ರುವಕ್ಕೆ ಇರುವ ದೂರವು ಪೂರ್ಣ ಪರಿಧಿಯ ಅರ್ಧ. ಹಾಗಾದರೆ ಇಲ್ಲಿ ೧೫ ಸುತ್ತುಗಳಷ್ಟು ದೂರ. ೧೮೦ ಅಂಶಗಳನ್ನು ೧೫ರಿಂದ ಭಾಗಿಸಿದರೆ ಒಂದೊಂದು ಸುತ್ತಿಗೆ ೧೨ ಅಂಶ. ಧ್ರುವದಿಂದ ಯಾವುದೇ ಕೋನದಲ್ಲಿರುವ ವೃತ್ತದ ಪರಿಧಿಯು ನಡುಸುತ್ತಿನ ಪರಿಧಿಯನ್ನು ಆ ಕೋನದ ಸೈನಿನಿಂದ ಗುಣಿಸಿದಷ್ಟು. ಸೈನ್ ಕೋಷ್ಟಕವನ್ನು ತೆರೆದು ನೋಡಿದರೆ ೧೨, ೨೪, ೩೬, ೪೮, ೬೦, ೭೨, ೮೪ ಅಂಶಗಳಿಗೆ ಕ್ರಮವಾಗಿ ೬.೨, ೧೨.೨, ೧೭.೬, ೨೨.೩, ೨೬.೦, ೨೮.೫, ೨೯.೮ ಕುಣಿಕೆಗಳು ಬರುತ್ತವೆ. ಇವುಗಳನ್ನು ಸಮಸಂಖ್ಯೆಗಳಿಗೆ ಹೊಂದಿಸಿದರೆ ೬, ೧೨, ೧೮, ೨೨, ೨೬, ೨೮, ೩೦. ಅನಂತರ ಅದೇ ಸಂಖ್ಯೆಗಳು ಹಿಮ್ಮುಖವಾಗಿ. ಧ್ರುವದ ಬಳಿ ಏರಿಕೆ ಆರಾರು, ನಡುವಿನ ಬಳಿ ಎರಡೆರಡು ಎಂಬುದನ್ನು ಗಮನಿಸಬೇಕು. ರೂಢಿಯಲ್ಲಿ ಹೆಣೆಯುವವರು ಸುಲಭಕ್ಕಾಗಿ ಆರಾರರಂತೆ ೩೦ರ ತನಕ ಏರಿ, ಕೆಲವು ಸುತ್ತು ಹಾಗೆಯೇ ಸಾಗಿ, ಆರಾರರಂತೆ ಇಳಿಯುತ್ತಾರೆ. ಹತ್ತಿಯನ್ನು ತುಂಬಿದಾಗ ನೂಲು ಹಿಗ್ಗಿ ಆ ಆಕಾರವೂ ಬಹುಮಟ್ಟಿಗೆ ಗೋಳವೇ ಆಗುತ್ತದೆ. ನಾವೂ ಕೆಳಗೆ ಈ ಸುಲಭ ಕ್ರಮವನ್ನೇ ಅನುಸರಿಸುವೆವು.

ವೀರನ ನಿರ್ಮಾಣ

ಸಾಧಾರಣ ದಪ್ಪದ ನೂಲು, ೨.೫ ಮಿ.ಮೀ. ಕೊಕ್ಕೆ ಸಾಕು. ಗೊಂಬೆಯು ೧೦ ಸೆಂ.ಮೀ. ಆಸುಪಾಸು ಎತ್ತರವಾಗುವುದು.

ಮೊದಲು ಎರಡು ಕೈಗಳು: ಉಂಗುರದಲ್ಲಿ ೬, ಒಟ್ಟು ಎಂಟು ಸುತ್ತು ಆರಾರೇ. ಇವುಗಳಿಗೆ ಹತ್ತಿ ಬೇಡ. ಬಳಿಕ ಕಾಲುಗಳು: ೬, ಆಮೇಲೆ ೧೨, ಮತ್ತೆ ಐದು ಸುತ್ತು ೧೨. ಮೊದಲ ಮೂರು ಸುತ್ತು ಕೆಂಪಾದರೆ ಪಾದರಕ್ಷೆ, ಉಳಿದುದು ನೀಲಿ. ಬಣ್ಣವನ್ನು ಬದಲಿಸುವಾಗ ಹಿಂದಿನ ಕುಣಿಕೆಯ ಕೊನೆಯ ಎಳೆತವನ್ನು ಹೊಸ ಬಣ್ಣದಿಂದ ಮಾಡಬೇಕು. ಎರಡನೆಯ ಕಾಲಿನ ನೂಲನ್ನು ಕತ್ತರಿಸದೆ, ಅದರಿಂದಲೇ ಮೊದಲನೆಯ ಕಾಲಿನ ಸುತ್ತ ೧೨, ಎರಡನೆಯದರ ಸುತ್ತ ೧೨ ಹೆಣೆದರೆ ಕಾಲುಗಳು ಕೂಡಿ ೨೪ರ ಮೈ ಆರಂಭವಾಗುತ್ತದೆ.

ಮೈ ಒಟ್ಟು ಏಳು ಸುತ್ತು. ಏಳನೆಯ ಸುತ್ತಿನಲ್ಲಿ ಕೈಗಳನ್ನು ಸೇರಿಸುವುದು. ಐದು ಕುಣಿಕೆ ಹೆಣೆದು, ಕೈಯ ಬಾಯಿಯನ್ನು ಚಪ್ಪಟೆಯಾಗಿ ಒತ್ತಿ ಮೈಗೆ ತಾಗಿಸಿ, ಕೊಕ್ಕೆಯನ್ನು ಕೈಯ ಎರಡು ಅಂಚುಗಳಲ್ಲಿಯೂ ಮೈಯ ಅಂಚಿನಲ್ಲಿಯೂ ಒಟ್ಟಿಗೆ ತೂರಿಸಿ ಮೂರು ಕುಣಿಕೆ, ಬಳಿಕ ಒಂಬತ್ತು, ಮತ್ತೊಂದು ಕೈಯೊಂದಿಗೆ ಮೂರು, ಕೊನೆಗೆ ನಾಲ್ಕು. ಒಟ್ಟು ೨೪. ಎರಡು ಕೈಗಳ ನಡುಗಳಿಗಿರುವ ಅಂತರವು ೧೨, ಎಂದರೆ ಅವು ಸರಿಯಾಗಿ ಎದುರುಬದುರು. ಸುತ್ತುಗಳು ಏರಿದಂತೆ ಹೆಣಿಗೆಯು ತುಸು ವಾಲುವುದರಿಂದ, ಕೈಗಳು ಪಕ್ಕಕ್ಕೆ ಬರುವಂತೆ ಒಂದೆರಡು ಕುಣಿಕೆಗಳನ್ನು ಹಿಂದುಮುಂದು ಮಾಡಿಕೊಳ್ಳಬಹುದು.

ಅನಂತರ ೧೮, ೧೨ ಎಂದು ಇಳಿದು, ಕುತ್ತಿಗೆ ಕಿರಿದಾಗುವ ಮೊದಲೇ ಕಾಲುಗಳಿಗೂ ಮೈಗೂ ಗಟ್ಟಿಯಾಗಿ ಹತ್ತಿ ತುಂಬಬೇಕು. ಕುತ್ತಿಗೆಯ ೧೨ರ ಸುತ್ತನ್ನು ಹಿಂದಿನ ಎಳೆಗಳಲ್ಲಿ ಮಾತ್ರ ಹೆಣೆದರೆ, ಮುಂದಿನ ಎಳೆಗಳು ಹೊರಗೆ ಉಳಿಯುತ್ತವೆ. ಮೇಲುಹೊದಿಕೆಗೆ ಅವೇ ಆಧಾರ. ಮುಂದೆ ತಲೆ: ೧೮, ೨೪, ೩೦, ಐದು ಸುತ್ತು ೩೦, ೨೪, ೧೮, ೧೨, ೬. ಕುತ್ತಿಗೆಯ ಮೇಲೆ ಹನ್ನೆರಡು ಸುತ್ತುಗಳು. ಗೋಳದ ಕೆಳತುದಿಯು ಕುತ್ತಿಗೆಯಲ್ಲಿ ಅಡಗಿರುವುದರಿಂದ ೧೫ಕ್ಕೆ ಕಡಮೆಯಾದುದು ಸರಿಯೇ. ೩೦ರ ಎರಡು ಸುತ್ತುಗಳನ್ನು ಕಪ್ಪು ನೂಲಿನಿಂದ ಹೆಣೆದರೆ ಮುಖವಾಡವಾಯಿತು. ಅದರ ಮುಂಭಾಗದಲ್ಲಿ ಎರಡು ಕುಣಿಕೆಗಳನ್ನು ಬಿಳಿಯ ನೂಲಿನಿಂದ ಹಾಕಿದರೆ ಕಣ್ಣುಗಳಾದವು. ಗುಂಡಿ, ಮಣಿಗಳ ಕಣ್ಣುಗಳನ್ನು ಅಂಟಿಸಲೇಬಾರದು. ಬಾಯಿ ೧೨ಕ್ಕೆ ಇಳಿಯುವ ಮುನ್ನ ತಲೆಗೂ ಹತ್ತಿ ತುಂಬಿ, ಕಡೆಯ ಆರು ಕುಣಿಕೆಗಳ ಮೂಲಕ ನೂಲಿನ ತುದಿಯನ್ನು ಕೊಕ್ಕೆಯಿಂದ ಎಳೆದು ಬಿಗಿದು, ಆ ತುದಿಯನ್ನು ತಲೆಯೊಳಗೆ ಮೂರು ದಿಕ್ಕುಗಳಲ್ಲಿ ಹಾಯಿಸಿ ಅಡಗಿಸಬೇಕು.

ಮೇಲುಹೊದಿಕೆಗೆ ಬೆನ್ನ ಕಡೆಯ ಆರು ಎಳೆಗಳಲ್ಲಿ ಎರಡೆರಡರಂತೆ ೧೨ ಕೆಂಪು ಕುಣಿಕೆಗಳನ್ನು ಹಾಕಿ, ಹಿಂದೆ ಮುಂದೆ ತಿರುಗಿಸುತ್ತ ಒಟ್ಟು ಹತ್ತು ಸಾಲು ಹೆಣೆಯಬೇಕು. ಕೊನೆಗೆ ಪ್ರತಿಯೊಂದರಲ್ಲಿಯೂ ಎರಡೆರಡು ಹಾಕಿ ೨೪ರ ಒಂದು ಸಾಲು. ಕುತ್ತಿಗೆಗೆ ಕಟ್ಟುವ ದಾರವು ಬೇಡ. ಉದ್ದವಾದ ದಾರವೂ ಮಕ್ಕಳಿಗೆ ಅಪಾಯವೇ.

ಕೂಡಿಸಿ ನೋಡಿದರೆ ಕೈಗಳಿಗೆ ೯೬, ಕಾಲುಗಳಿಗೆ ೧೫೬, ಮೈಗೂ ಕುತ್ತಿಗೆಗೂ ೨೧೦, ತಲೆಗೆ ೨೮೨, ಹೊದಿಕೆಗೆ ೧೪೪. ಒಟ್ಟು ೮೮೮ ಕುಣಿಕೆಗಳು. ನಿಮಿಷಕ್ಕೆ ಹತ್ತರಂತೆ ಹಿಡಿದರೆ ಒಂದೂವರೆ ಗಂಟೆಯ ಎಡೆಬಿಡದ ದುಡಿಮೆ. ಸಂತೆಯಲ್ಲಿ ಇಂತಹ ಗೊಂಬೆಯ ಬೆಲೆಯನ್ನು ಚೌಕಾಸಿ ಮಾಡುವ ಮುನ್ನ ಈ ಲೆಕ್ಕವನ್ನು ನೆನೆಯುವುದು ನ್ಯಾಯ.

ಮಳೆಗಾಲದ ವಿಚಾರ

ಮಂಗಳೂರಿನಲ್ಲಿ ವರ್ಷಕ್ಕೆ ೩,೫೦೦ ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಆದುದರಿಂದ ಗೊಂಬೆಯೊಳಗೆ ಏನನ್ನು ತುಂಬಬೇಕೆಂಬುದು ಕಾಟಿಪಳ್ಳದಲ್ಲಿ ಸಣ್ಣ ಪ್ರಶ್ನೆಯಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆಯು ಶೇಕಡಾ ೬೫ ಇರುವಾಗ ಉಣ್ಣೆಯು ತನ್ನ ತೂಕದ ಶೇಕಡಾ ೧೬ರಷ್ಟು, ಹತ್ತಿಯು ೭–೮ರಷ್ಟು, ಪಾಲಿಯೆಸ್ಟರ್ ಎಳೆಯು ಕೇವಲ ೦.೪ರಷ್ಟು ನೀರನ್ನು ಹೀರಿಕೊಂಡಿರುತ್ತದೆ. ಆಷಾಢದ ಗಾಳಿಯಲ್ಲಿ ಆರ್ದ್ರತೆ ಇನ್ನೂ ಹೆಚ್ಚು. ಹಳೆಯ ಹಾಸಿಗೆಯ ಹತ್ತಿಯನ್ನು ತುಂಬಿದ ಗೊಂಬೆಯು ಒಮ್ಮೆ ನೆನೆದರೆ ಒಳಗೆ ಒಣಗದೆ ಬೂಸ್ಟು ಹಿಡಿಯುತ್ತದೆ. ಒಳಗೆ ಪಾಲಿಯೆಸ್ಟರ್ ಹತ್ತಿ, ಹೊರಗೆ ತೊಳೆಯಬಹುದಾದ ಹತ್ತಿಯ ನೂಲು ಅಥವಾ ಅಕ್ರಿಲಿಕ್ ನೂಲು ಇಲ್ಲಿಗೆ ತಕ್ಕವು. ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವುದು ಅನೇಕ ವೇಳೆ ಈ ಅಕ್ರಿಲಿಕ್ಕೇ. ಅದರಲ್ಲಿ ಕುರಿಯ ಉಣ್ಣೆಯ ಎಳೆಯೊಂದೂ ಇರುವುದಿಲ್ಲ.

ನೆರಿಗೆಯ ಜ್ಯಾಮಿತಿ

ವೀರನ ಹೊದಿಕೆಯ ಅಂಚನ್ನು ಈಗ ನೋಡಿ. ೧೨ರ ಮೇಲೆ ಒಮ್ಮೆಗೇ ೨೪ನ್ನು ಹಾಕಿದುದರಿಂದ ಆ ಅಂಚಿಗೆ ಚಪ್ಪಟೆಯಾಗಿರಲು ಎಡೆಯಿಲ್ಲ; ಅದು ನೆರಿಗೆಗಟ್ಟಿ ಅಲೆಯುತ್ತದೆ. ಹೆಚ್ಚಳವು ಕಡಮೆಯಾದರೆ ಗೋಳದಂತಹ ಉಬ್ಬು, ತಕ್ಕಷ್ಟಾದರೆ ಚಪ್ಪಟೆ, ಅತಿಯಾದರೆ ನೆರಿಗೆ. ಈ ಮೂರನೆಯ ಬಗೆಯ ಮೇಲ್ಮೈಯ ಜ್ಯಾಮಿತಿಯನ್ನು ರಷ್ಯದ ಲೊಬಚೆವ್‌ಸ್ಕಿಯು ೧೮೨೯ರಲ್ಲಿ ಪ್ರಕಟಿಸಿದನು. ಅಲ್ಲಿ ಒಂದು ಸರಳರೇಖೆಗೆ ಹೊರಗಿನ ಒಂದು ಬಿಂದುವಿನ ಮೂಲಕ ಅದನ್ನು ಸಂಧಿಸದ ಅನೇಕ ರೇಖೆಗಳನ್ನು ಎಳೆಯಬಹುದು. ಕಾಗದದ ಮಾದರಿಗಳು ಬೇಗ ಹರಿದುಹೋಗುತ್ತಿದ್ದವು. ೧೯೯೭ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲಾಟ್ವಿಯದ ಗಣಿತಜ್ಞೆ ಡೈನಾ ತೈಮಿನ ಅವರು ಕ್ರೋಷಾದಿಂದ ಅದರ ಬಾಳಿಕೆ ಬರುವ ಮಾದರಿಯನ್ನು ನಿರ್ಮಿಸಿದರು. ವಿದ್ಯಾರ್ಥಿಗಳು ಕೈಯಿಂದ ಮುಟ್ಟಿ, ಮಡಿಸಿ, ಆ ಜ್ಯಾಮಿತಿಯನ್ನು ಅರಿಯಲು ಇದರಿಂದ ಸಾಧ್ಯವಾಯಿತು.

ವಾಚಕರು ಎರಡು ಪ್ರಯೋಗಗಳನ್ನು ಮಾಡಿ ನೋಡಬೇಕೆಂದು ನಮ್ಮ ಸೂಚನೆ. ಸೈನ್ ಕೋಷ್ಟಕದಂತೆ ಒಂದು ತಲೆ, ಆರಾರರ ರೂಢಿಯಂತೆ ಒಂದು ತಲೆ ಹೆಣೆದು, ಎರಡರ ಎತ್ತರ ಅಗಲಗಳನ್ನು ಅಳೆದು ಹೋಲಿಸಿರಿ. ಬಳಿಕ ಗೊಂಬೆಯ ಕೈಯನ್ನು ಹಿಡಿದು ಬಲವಾಗಿ ಜಗ್ಗಿ, ಸೇರುವೆಯಲ್ಲಿ ಯಾವ ಕುಣಿಕೆಯಾದರೂ ಬಾಯಿ ಬಿಟ್ಟಿದೆಯೇ ಎಂದು ಪರೀಕ್ಷಿಸಿರಿ. ಬಿಟ್ಟಿದ್ದರೆ ಆ ಸುತ್ತಿನ ತನಕ ಬಿಚ್ಚಿ ಮತ್ತೆ ಹೆಣೆಯಿರಿ. ಈ ಪರೀಕ್ಷೆಯಲ್ಲಿ ಗೆದ್ದ ವೀರನನ್ನು ಮಾತ್ರ ಮಗುವಿನ ಕೈಗೆ ಕೊಡತಕ್ಕದ್ದು.