ಜಾಕಿ ಎತ್ತಲಿಕ್ಕೆ, ನಿಲ್ಲಿಸಲಿಕ್ಕಲ್ಲ

ಜೀಪು ಎತ್ತಿ ಅಭ್ಯಾಸವಾದ ನಮ್ಮ ಶೆಡ್ಡಿಗೆ ಬೆಂಗಳೂರಿನಿಂದ ಮಗನೋ ಅಳಿಯನೋ ತಗ್ಗಿನ ಸ್ಪೋರ್ಟ್ಸ್ ಕಾರು ತಂದರೆ, ಇದ್ದ ಜಾಕಿ ಅದರಡಿಗೆ ಹೋಗುವುದೇ ಇಲ್ಲ. ಆದ್ದರಿಂದ ಟ್ರಾಲಿ ಜಾಕಿ ಕೊಳ್ಳುವಾಗ ಎಷ್ಟು ಟನ್ ಎಂಬುದರ ಜೊತೆಗೆ ಎಷ್ಟು ತಗ್ಗುತ್ತದೆ ಎಂಬುದನ್ನೂ ಕೇಳೋಣ. ಇಂಥ ಕಾರಿಗೆ 75ರಿಂದ 90 ಮಿ.ಮೀ.ಗೆ ಇಳಿಯುವ 2 ಟನ್ನಿನ ಜಾಕಿ ಸಾಮಾನ್ಯವಾಗಿ ಸಾಕು. ಅದೂ ಹಿಡಿಸದಿದ್ದರೆ ಚಕ್ರಗಳನ್ನು ಮೊದಲು ದಪ್ಪ ಹಲಗೆಯ ಮೇಲೆ ಹತ್ತಿಸಿಕೊಳ್ಳಬಹುದು.

ಜಾಗ ಸಮತಟ್ಟಾದ ಕಾಂಕ್ರೀಟು ನೆಲವಾಗಿರಲಿ. ಗಾಡಿ ಏರಿದಂತೆ ಜಾಕಿಯೂ ಸ್ವಲ್ಪ ಉರುಳಬೇಕು; ಮಣ್ಣಿನಲ್ಲಿ ಅದರ ಗಾಲಿ ಹೂತರೆ ಗಾಡಿ ಜಾರುತ್ತದೆ. ಹ್ಯಾಂಡ್‌ಬ್ರೇಕು ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುತ್ತದೆ. ಹಿಂಭಾಗ ಎತ್ತುವಾಗ ಮುಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಮರದ ತುಂಡು ಒತ್ತಲೇಬೇಕು. ಜಾಕಿಯ ತಲೆ ಕಾರಿನ ಕೈಪಿಡಿ ತೋರಿಸಿದ ಸ್ಥಳದಲ್ಲೇ ಕೂರಲಿ; ತಳದ ತಗಡಿಗೆ ಕೊಟ್ಟರೆ ನುಗ್ಗಾಗುತ್ತದೆ.

ಮುಖ್ಯ ಮಾತು ಇದು: ಜಾಕಿಯೊಳಗಿನ ಒಂದು ಸೀಲು ಸೋತರೆ ಗಾಡಿ ಹೇಳದೆ ಕೆಳಗಿಳಿಯುತ್ತದೆ. ಎತ್ತಿದ ಕೂಡಲೇ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಳಿಸಿ, ಕೈಯಿಂದ ಅಲುಗಿಸಿ ನೋಡಿ, ಅನಂತರವೇ ಅಡಿಗೆ ಹೋಗಬೇಕು. ಮುರಕಲ್ಲು, ಸಿಮೆಂಟು ಇಟ್ಟಿಗೆ ಸ್ಟ್ಯಾಂಡಲ್ಲ. ಅವು ಒಮ್ಮೆಲೇ ಬಿರಿಯುತ್ತವೆ. ಡ್ರೈವರಿಗೂ ಕೆಲಸದವರಿಗೂ ಇದನ್ನು ಇಂದೇ ತಿಳಿಸೋಣ.